ಐದು ಇಂಚಿನ ಹೀಲ್ಸ್

ಬಾಗಿಲ ಪಕ್ಕದ ಮರದ ಬೆಂಚನ್ನು ಒಳಕ್ಕೆ ಎಳೆದರೆ ಮಾತ್ರ ಶವದ ಪೆಟ್ಟಿಗೆ ಹೊರಗೆ ಹೋಗುವಂತಿತ್ತು. ಹುಡುಗಿ ಬೆಂಚಿನ ಒಂದು ತುದಿ ಹಿಡಿದಳು, ಅವಳ ತಾಯಿ ಇನ್ನೊಂದು. ರಿಪೇರಿಗೆ ಬಂದ ಹೆಂಗಸರ ಚಪ್ಪಲಿಗಳು ಬೆಂಚಿನ ಮೇಲೆ ಇನ್ನೂ ಸಾಲಾಗಿ ಕೂತಿದ್ದವು. ಒಂದರ ಹೀಲ್‌ಗೆ ಅಂಟು ಹಚ್ಚಿ ದಾರ ಬಿಗಿದು ಹತ್ತು ದಿನವಾಗಿತ್ತು. ಬಿಗಿದವಳು ಆಮೇಲೆ ಹಾಸಿಗೆ ಬಿಟ್ಟು ಏಳಲಿಲ್ಲ.

"ನಿಧಾನ," ಎಂದಳು ತಾಯಿ, ಜಾರಿದ ಒಂದು ಕಪ್ಪು ಜೋಡನ್ನು ಹಿಡಿದುಕೊಂಡು. "ಯಾರದೋ ಏನೋ. ಕೇಳ್ಕೊಂಡು ಬಂದ್ರೆ ಏನು ಹೇಳೋದು?"

"ದೊಡ್ಡಮ್ಮ ಸತ್ತುಹೋದ್ರು ಅಂತ ಹೇಳೋದು."

ತಾಯಿ ಆ ಜೋಡನ್ನು ಮತ್ತೆ ಸಾಲಿಗೆ ಸೇರಿಸಿದಳು. ಒಳಕೋಣೆಯಲ್ಲಿ ಮಲಗಿದ್ದವಳು ಅವಳ ಅಕ್ಕ. ಮದುವೆಯಾಗದೆ, ತಂಗಿಯ ಸಂಸಾರವನ್ನೇ ತನ್ನದು ಮಾಡಿಕೊಂಡು, ಈ ಮೂರನೇ ಮಹಡಿಯ ಎರಡು ಕೋಣೆಯ ಮನೆಯಲ್ಲಿ ಬಾಳಿದವಳು. ಕೊನೆಯ ಹದಿನೆಂಟು ವರ್ಷ ಈ ಬೆಂಚಿನ ಮುಂದೆಯೇ ಕಳೆದಿದ್ದವು. ಅದಕ್ಕೆ ಮೊದಲು ಅವಳು ಟೀವಿ ಸ್ಟುಡಿಯೋದಲ್ಲಿ ನಟಿಯರ ಚಪ್ಪಲಿ ನೋಡಿಕೊಳ್ಳುತ್ತಿದ್ದಳು. ಅಲ್ಲಿ ಎಲ್ಲರೂ ಅವಳನ್ನು ಹೀಲ್ಸಕ್ಕ ಎನ್ನುತ್ತಿದ್ದರು.

ಆ ಹೆಸರಿನಿಂದ ಅವಳನ್ನು ಕರೆದವರಲ್ಲಿ ಅಂದು ಬಂದವನು ಒಬ್ಬನೇ, ಮುದುಕ ಮೇಕಪ್‌ನವನು. ಮೆಟ್ಟಿಲು ಹತ್ತಿದ ಏದುಸಿರು ಇಳಿಯುವ ಮೊದಲೇ, ಪಕ್ಕದ ಮನೆಯಿಂದ ಬಂದು ಕೂತಿದ್ದ ಮೂರು ನಾಲ್ಕು ಹೆಂಗಸರಿಗೆ ಅವನು ಹೇಳತೊಡಗಿದ.

"ನಾವು ಎರಡು ಗಂಟೆ ಮುಖಕ್ಕೆ ಬಳೀತಿದ್ವಿ. ಇವಳು ಎರಡು ನಿಮಿಷದಲ್ಲಿ ಚಪ್ಪಲಿ ಹಾಕಿಸಿ ಆ ಹೆಂಗಸಿನ ಜಾತಕಾನೇ ಬರೆದುಬಿಡೋಳು. ಒಂದು ಧಾರಾವಾಹೀಲಿ ಬಡವರ ಮನೆ ಹುಡುಗಿ ದೊಡ್ಡ ಆಫೀಸಿಗೆ ಕೆಲಸಕ್ಕೆ ಸೇರ್ತಾಳೆ. ಇವಳು ಆ ಹುಡುಗಿಗೆ ಒಂದು ಸೈಜು ದೊಡ್ಡ ಹೀಲ್ಸ್ ಕೊಟ್ಲು. ಹೆಜ್ಜೆಗೊಂದು ಸಲ ಹಿಮ್ಮಡಿ ಕಳಚ್ಕೊಳ್ಳೋದು. ಯಾಕೆ ಅಂದ್ರೆ, 'ಇನ್ನೊಬ್ಬರದ್ದು ಕೇಳಿ ಹಾಕ್ಕೊಂಡು ಬಂದಿದಾಳೆ ಇವಳು, ಅದು ಬಾಯಲ್ಲಿ ಹೇಳಬಾರದು, ಕಾಲಲ್ಲಿ ಕಾಣಬೇಕು' ಅಂದ್ಲು. ಜನ ಅತ್ತುಬಿಟ್ರು ನೋಡಿ. ಹೆಸರು ಬಂದಿದ್ದು ಹುಡುಗಿಗೆ."

ಹೆಂಗಸರು ಸಣ್ಣಗೆ ನಕ್ಕರು. ಮುದುಕ ಹುಡುಗಿಯನ್ನು ಪಕ್ಕಕ್ಕೆ ಕರೆದ.

"ಮಗಳೇ, ಬೇಜಾರು ಮಾಡ್ಕೋಬೇಡ. ಕೆಳಗೆ ಮೇಡಂ ಬರ್ತಿದಾರೆ. ಹತ್ತೋದು ಸ್ವಲ್ಪ ಕಷ್ಟ ಅವರಿಗೆ. ನಾನೇ ಹೇಳಿ ಕರೆಸ್ದೆ."

ಯಾವ ಮೇಡಂ ಎಂದು ಹುಡುಗಿ ಕೇಳಲಿಲ್ಲ.

*

ಹದಿನೆಂಟು ವರ್ಷದ ಹಿಂದೆ, ನಟಿಯಾಗಿದ್ದ ಆ ಮೇಡಂ ಕಾಲ ಮೇಲೆ ಇಡೀ ಧಾರಾವಾಹಿ ನಿಂತಿತ್ತು. ಅವಳದು ಮನೆಯನ್ನು ಒಡೆಯುವ ಹಿರಿಸೊಸೆಯ ಪಾತ್ರ. ಪ್ರತಿ ಸಲವೂ ಕ್ಯಾಮೆರಾ ಮೊದಲು ಅವಳ ಹೀಲ್ಸ್ ಹಿಡಿದು, ಆಮೇಲೆ ಮುಖಕ್ಕೆ ಏರುತ್ತಿತ್ತು. ಆ ಟಕಟಕ ಕೇಳಿದರೆ ಅಡುಗೆಮನೆಯಲ್ಲಿದ್ದವರೂ ಟೀವಿ ಮುಂದೆ ಬಂದು ಕೂರುತ್ತಿದ್ದರು.

ಆ ದಿನದ ದೃಶ್ಯದಲ್ಲಿ ಮನೆ ಅವಳ ಹೆಸರಿಗಾಗಿತ್ತು. ಅವಳು ದೊಡ್ಡ ಮೆಟ್ಟಿಲು ಇಳಿದು ಬಂದು ಎಲ್ಲರಿಗೂ ಅದನ್ನು ತಿಳಿಸಬೇಕು. ಹೀಲ್ಸಕ್ಕ ಎರಡು ಇಂಚಿನ ದಪ್ಪ ಹಿಮ್ಮಡಿಯ ಜೋಡನ್ನು ಒರೆಸಿ ಇಟ್ಟಿದ್ದಳು.

"ಇದೇನಕ್ಕ, ಟೀಚರಮ್ಮನ ಚಪ್ಪಲಿ?" ಎಂದಳು ನಟಿ.

"ಇಷ್ಟು ದಿನ ಎತ್ತರ ಬೇಕಿತ್ತು ಮೇಡಂ, ಅವಳ ಹತ್ರ ಏನೂ ಇರಲಿಲ್ಲ. ಈಗ ಮನೆ ಅವಳದೇ. ನೆಲ ತನ್ನದು ಅಂತ ಗೊತ್ತಾದೋಳು ಪೂರ್ತಿ ಪಾದ ಊರಿ ನಡೀತಾಳೆ. ಹಾಗೆ ನಡೆದ್ರೇ ಜನಕ್ಕೆ ಹೆದರಿಕೆ."

"ಎದುರಿಗೆ ನಿಲ್ಲೋ ಆ ಹೊಸ ಹುಡುಗಿ ನನಗಿಂತ ಎತ್ತರ ಇದಾಳೆ. ನಾನು ಕತ್ತೆತ್ತಿ ಅವಳಿಗೆ ಬೈಯ್ಯಲಾ? ಐದು ಇಂಚಿಂದು ಕೊಡಿ."

"ಮೆಟ್ಟಿಲಿಗೆ ಪಾಲಿಷ್ ಹಾಕಿದಾರೆ, ಮೇಡಂ. ಬೇಡ."

ನಟಿ ಕಾಲು ಮುಂದೆ ಚಾಚಿದಳು. ಹೀಲ್ಸಕ್ಕ ಒಂದು ಕ್ಷಣ ಹಾಗೇ ನಿಂತು, ಆಮೇಲೆ ಮಂಡಿಯೂರಿ ಪೆನ್ಸಿಲ್‌ನಷ್ಟು ತೆಳುವಾದ ಹಿಮ್ಮಡಿಯ ಕೆಂಪು ಜೋಡನ್ನು ತೊಡಿಸಿ ಬಕಲ್ ಹಾಕಿದಳು.

ಆರು ಟೇಕ್ ಆದವು. ಏಳನೆಯದರಲ್ಲಿ ನಟಿ ಅರ್ಧದಿಂದ ಕೆಳಕ್ಕೆ ಬಿದ್ದಳು. ಎಡ ಕಣಕಾಲಿನ ಮೂಳೆ ಚೂರಾಗಿತ್ತು.

*

ನಟಿ ಬಂದಾಗ ಪೆಟ್ಟಿಗೆಯ ಮುಚ್ಚಳ ಹಾಕಿರಲಿಲ್ಲ. ಬಿಳಿ ಕೂದಲು, ಕೈಯಲ್ಲಿ ಕೋಲು, ಕಾಲಲ್ಲಿ ಒಂದು ಕಡೆ ಮಾತ್ರ ದಪ್ಪ ಅಟ್ಟೆ ಕಟ್ಟಿಸಿದ ಬೂಟು. ಪಕ್ಕದ ಮನೆಯವರು ತಾವೇ ಎದ್ದು ಜಾಗ ಬಿಟ್ಟರು. ಅವಳು ಸತ್ತವಳ ಮುಖವನ್ನು ಬಹಳ ಹೊತ್ತು ನೋಡಿದಳು. ಆಮೇಲೆ ಹುಡುಗಿಯ ತಾಯಿಯ ಕಡೆ ತಿರುಗಿದಳು.

"ನಾನು ಇವರ ಬಗ್ಗೆ ಪೇಪರಿನವರ ಹತ್ರ ಏನೇನೋ ಹೇಳಿದೀನಿ. ಸಡಿಲ ಹೀಲ್ ಕೊಟ್ರು, ಅದು ಮುರಿದು ಬಿದ್ದೆ, ಇವರ ಬೇಜವಾಬ್ದಾರಿಯಿಂದ ನನ್ನ ಬದುಕು ಹೋಯ್ತು ಅಂತ. ಈಗ ಸಿಟ್ಟೆಲ್ಲ ಇಳಿದಿದೆ. ನಾನು ಕ್ಷಮಿಸಿದೀನಿ, ಅದನ್ನ ಹೇಳಿ ಹೋಗೋಣ ಅಂತ ಬಂದೆ."

ತಾಯಿ ಸೆರಗಿನಿಂದ ಬಾಯಿ ಮುಚ್ಚಿಕೊಂಡಳು. ಮುದುಕ ಸಮಾಧಾನದಿಂದ ತಲೆಯಾಡಿಸಿದ.

"ಆ ಹೀಲ್ ಮುರಿದಿರಲಿಲ್ಲ," ಎಂದಳು ಹುಡುಗಿ.

"ಸುಮ್ನಿರೇ," ಎಂದಳು ತಾಯಿ.

"ದೊಡ್ಡಮ್ಮ ಇಷ್ಟು ವರ್ಷ ಸುಮ್ನಿದ್ದಿದ್ದು ಸಾಕಮ್ಮ."

*

ಹುಡುಗಿಗೂ ಅದು ಗೊತ್ತಾಗಿ ವಾರವಷ್ಟೇ ಆಗಿತ್ತು. ಗಂಜಿ ಕುಡಿಸುವಾಗ ದೊಡ್ಡಮ್ಮ ತಾನಾಗಿಯೇ ಹೇಳಿದ್ದಳು.

ನಟಿಯನ್ನು ಆಸ್ಪತ್ರೆಗೆ ಒಯ್ದ ಸಂಜೆ ಮ್ಯಾನೇಜರು ಚಪ್ಪಲಿ ಕೋಣೆಯ ಬಾಗಿಲಲ್ಲಿ ನಿಂತು ಕೇಳಿದ್ದ: "ಚಪ್ಪಲಿಗೇನೂ ಆಗಿಲ್ಲ ತಾನೇ? ನೋಡಿ ಹೇಳು. ನೀನು ಕೊಟ್ಟಿದ್ದು ಬಿಟ್ಟು ಅವರೇ ಹಟ ಮಾಡಿ ಹಾಕ್ಕೊಂಡ್ರು ಅಂತ ಬರೆದುಕೊಡು. ಆಮೇಲೆ ಆಪರೇಷನ್ನು ಗೀಪರೇಷನ್ನು ಖರ್ಚೆಲ್ಲ ಅವರ ಪಾಡು. ನಮ್ಮ ವಸ್ತು ಕೆಟ್ಟಿದ್ರೆ ಮಾತ್ರ ನಮ್ಮ ತಲೆಗೆ ಬರೋದು."

ಅವನು ಹೋದ ಮೇಲೆ ಅವಳು ಕೆಂಪು ಚಪ್ಪಲಿಯ ಹಿಮ್ಮಡಿಯನ್ನು ಕಬ್ಬಿಣದ ಇಕ್ಕಳಕ್ಕೆ ಕೊಟ್ಟು ಎರಡೂ ಕೈಯಲ್ಲಿ ತಿರುವಿದಳು. ಒಳ್ಳೆಯ ಮಾಲು, ಸುಲಭಕ್ಕೆ ಬಗ್ಗಲಿಲ್ಲ. ಮುರಿದ ಮೇಲೆ ಎತ್ತಿಕೊಂಡು ಹೋಗಿ ಮ್ಯಾನೇಜರ ಮೇಜಿನ ಮೇಲಿಟ್ಟು, "ಮೊಳೆ ಸಡಿಲ ಇತ್ತು. ನಾನೇ ನೋಡ್ಕೊಳ್ಳಲಿಲ್ಲ," ಎಂದಳು. ಬರೆದುಕೊಟ್ಟಳು. ಸ್ಟುಡಿಯೋ ಖರ್ಚಿನಲ್ಲೇ ನಟಿಗೆ ಮೂರು ಆಪರೇಷನ್ ಆದವು. ಹೀಲ್ಸಕ್ಕನನ್ನು ಆಮೇಲೆ ಯಾವ ಸ್ಟುಡಿಯೋದವರೂ ಒಳಗೆ ಬಿಟ್ಟುಕೊಳ್ಳಲಿಲ್ಲ.

"ಯಾಕೆ ದೊಡ್ಡಮ್ಮ? ಬೇಡ ಅಂತ ನೀನು ಹೇಳಿದ್ದೆಯಲ್ಲ?"

"ಹೇಳ್ದೆ. ಕೊನೆಗೆ ಬಕಲ್ ಹಾಕಿದ್ದು ಯಾರು?"

"ಅವರಿಗೆ ಹೇಳಬಹುದಿತ್ತು."

"ಹೇಳಿದ್ರೆ ಕಾಲು ಸರಿಹೋಗುತ್ತಾ? ಸಾಕು ಗಂಜಿ, ತೆಗಿ."

*

ಹುಡುಗಿ ಹೇಳಿ ಮುಗಿಸಿದಾಗ ಮೇಕಪ್‌ನವನು ಗೋಡೆಯ ಕಡೆ ಮುಖ ಮಾಡಿಕೊಂಡಿದ್ದ. ನಟಿ ಕುರ್ಚಿಗಾಗಿ ಕೈಯಾಡಿಸಿದಳು. ತಾಯಿಯೇ ಎಳೆದು ಕೊಟ್ಟಳು.

"ಬಿದ್ದಾಗ ಓಡಿಬಂದು ಬಕಲ್ ಬಿಚ್ಚಿದ್ದು ಇವರೇ," ಎಂದಳು ನಟಿ. "ಬಿಚ್ಚಿ ನನ್ನ ಮುಖದ ಪಕ್ಕದಲ್ಲಿಟ್ರು. ಹೀಲ್ ಮೇಲೆ ನೆಟ್ಟಗೆ ನಿಂತಿತ್ತು ಅದು. ನೋವಲ್ಲಿ ನಾನು ಅದನ್ನೇ ದಿಟ್ಟಿಸ್ತಾ ಮಲಗಿದ್ದೆ."

ಹುಡುಗಿ ತಲೆಯೆತ್ತಿದಳು.

"ಮೂರು ದಿನ ಆದ್ಮೇಲೆ, ಹೀಲ್ ಮುರಿದಿತ್ತಂತೆ ಅಂದ್ರು. ನಾನು ಹೂಂ ಅಂದೆ. ಇನ್ನೊಂದು ಮಾತು ಕೇಳಿದ್ರೆ ಡಾಕ್ಟ್ರು ಬರೋದು ನಿಂತುಹೋಗುತ್ತೆ ಅನ್ನಿಸ್ತು. ಆಮೇಲೆ ಹೇಳ್ತಾ ಹೇಳ್ತಾ ನಾನೇ ನಂಬಿಬಿಟ್ಟೆ."

"ಹಾಗಾದ್ರೆ ಕ್ಷಮಿಸೋಕೆ ಬಂದಿದ್ದು?"

ನಟಿ ಕೋಲಿನ ಹಿಡಿಯನ್ನು ಅಂಗೈಯಲ್ಲಿ ತಿರುಗಿಸಿದಳು.

"ಬದುಕಿದ್ದಾಗ ಬರಬಹುದಿತ್ತು ನೀವು," ಎಂದಳು ತಾಯಿ. ಅವಳ ದನಿಯಲ್ಲಿ ಸಿಟ್ಟಿರಲಿಲ್ಲ. "ಕರೆಗಂಟೆ ಆದ್ರೆ ಸಾಕು, ತಾನೇ ಹೋಗಿ ಬಾಗಿಲು ತೆಗೀತಿದ್ಲು. ನಮ್ಮನ್ನ ಬಿಡ್ತಿರಲಿಲ್ಲ."

ಗಾಡಿಯವರು ಬಂದು ಮುಚ್ಚಳ ಹಾಕಿದರು. ನಾಲ್ವರು ಪೆಟ್ಟಿಗೆಯನ್ನು ಓರೆ ಮಾಡಿಕೊಂಡು ಬಾಗಿಲು ದಾಟಿಸಿದರು. ತಾಯಿ, ಮೇಕಪ್‌ನವನು, ಪಕ್ಕದ ಮನೆಯ ಹೆಂಗಸರು ಒಬ್ಬೊಬ್ಬರಾಗಿ ಹಿಂದೆ ಇಳಿದರು. ಹುಡುಗಿ ಎರಡನೇ ಮಹಡಿಯವರೆಗೆ ಹೋಗಿ ತಿರುಗಿ ನೋಡಿದಳು.

ನಟಿ ಮೇಲಿನ ಮೆಟ್ಟಿಲ ಅಂಚಿನಲ್ಲಿ ನಿಂತಿದ್ದಳು. ಹತ್ತುವಾಗ ಅವಳ ಡ್ರೈವರ್ ಹಿಡಿದುಕೊಂಡಿದ್ದ. ಈಗ ಅವನು ಇರಲಿಲ್ಲ. ಕೋಲನ್ನು ಕೆಳಗಿನ ಮೆಟ್ಟಿಲಿಗೆ ಚಾಚುವುದು, ಮತ್ತೆ ಎಳೆದುಕೊಳ್ಳುವುದು, ಹೀಗೆ ಮಾಡುತ್ತಿದ್ದಳು. ಯಾರನ್ನೂ ಕರೆಯಲಿಲ್ಲ.

ಹುಡುಗಿ ವಾಪಸ್ಸು ಹತ್ತಿದಳು. ನಟಿಗಿಂತ ಎರಡು ಮೆಟ್ಟಿಲು ಕೆಳಗೆ, ಅವಳಿಗೆ ಮುಖಮಾಡಿ ನಿಂತಳು. ಕೆಳಗಿನಿಂದ ಗಾಡಿಯ ಹಾರ್ನ್ ಕೇಳಿತು. ಹುಡುಗಿ ಆ ದಪ್ಪ ಅಟ್ಟೆಯ ಬೂಟಿನ ಮೇಲೇ ಕಣ್ಣಿಟ್ಟು, ಎರಡೂ ಕೈ ಮುಂದೆ ಚಾಚಿ, ಮುಟ್ಟದೆ, ಒಂದೊಂದೇ ಮೆಟ್ಟಿಲು ಹಿಮ್ಮುಖವಾಗಿ ಇಳಿಯತೊಡಗಿದಳು.