ಗೊಣಗನ ಫೋಟೊ

ಗೊಣಗನ ಒಂದು ಕಿವಿ ಹರಿದಿತ್ತು, ವಯಸ್ಸೂ ಆಗಿತ್ತು, ಸಾಲದ್ದಕ್ಕೆ ಬಾಯಿ ಬೇರೆ ಜೋರು. ಬೀದಿಪಾಲಾದ ನಾಯಿಗಳನ್ನು ಸಾಕುವ ಆ ಆಶ್ರಯಕ್ಕೆ ಅವನನ್ನು ತಂದು ಬಿಟ್ಟವರು ಹೇಳಿದ ಕಾರಣವೂ ಅದೇ: ನೆಂಟರನ್ನೂ ಒಳಗೆ ಬಿಡುವುದಿಲ್ಲ. ಅಯ್ಯೋ, ಕಾವಲಿಗೆಂದೇ ಸಾಕಿದ ನಾಯಿ ಇನ್ನೇನು ಬನ್ನಿ ಕೂತ್ಕೊಳ್ಳಿ ಅನ್ನಬೇಕಿತ್ತೇ?

ಇವತ್ತು ನಾಯಿ ಬೇಕಾದವರು ವೆಬ್‌ಸೈಟಿನಲ್ಲಿ ಮುಖ ನೋಡಿ ಆರಿಸಿಕೊಳ್ಳುವ ದಿನ. ಇವತ್ತೂ ಯಾರೂ ಕೇಳದಿದ್ದರೆ ಗೊಣಗನನ್ನು ಯಾರಿಗೂ ಬೇಡವಾದ ನಾಯಿಗಳನ್ನು ಕೂಡಿಹಾಕುವ ಊರಾಚೆಯ ದೊಡ್ಡ ಶೆಡ್ಡಿಗೆ ಸಾಗಹಾಕುವುದೆಂದು ಆಶ್ರಯ ನಡೆಸುವ ಡಾಕ್ಟರು ಹೇಳಿಬಿಟ್ಟಿದ್ದರು. ಡಾಕ್ಟರ ತಂಗಿಗೆ ಅದು ಸುತರಾಂ ಇಷ್ಟವಿಲ್ಲ. ಅಲ್ಲಿಯ ಕಂಪ್ಯೂಟರುಗಳೆಲ್ಲ ಅವಳ ಕೈಯಲ್ಲಿ, ಗೊಣಗ ಅವಳ ಕಾಲಡಿಯಲ್ಲಿ. ಅವನು ಸ್ವಲ್ಪ ಚಂದ ಕಾಣುವ ಫೋಟೊ ಹುಡುಕಿ ಹುಡುಕಿ ಹಾಕಿದ್ದಳು. ಸೈಟು ತೆರೆದರೆ ಒಂದು ಮುಖವೂ ಇಲ್ಲ. ಬರೀ 'ಅನುಮತಿ ಇಲ್ಲ'.

ಫೋಟೊಗಳಿದ್ದದ್ದು ಔಷಧಿ ಕೋಣೆಯ ಇನ್ನೊಂದು ಕಂಪ್ಯೂಟರಿನಲ್ಲಿ. ಸೈಟನ್ನು ನಡೆಸುವ ವೆಬ್ ಸರ್ವರ್ ನೆಟ್‌ವರ್ಕಿನ ಮೂಲಕ ಅವನ್ನು ತೆಗೆದು ತೋರಿಸಬೇಕು. ತಂಗಿ ಗಾಬರಿಯಲ್ಲಿ ಆ ಫೋಲ್ಡರನ್ನು ಯಾರು ಬೇಕಾದರೂ ಓದಲಿ, ಬರೆಯಲಿ ಎಂದು ಪೂರ್ತಿ ತೆರೆದಿಟ್ಟಳು. ಊಹೂಂ. ಸರ್ವರಿನಲ್ಲಿದ್ದ ಲಿನಕ್ಸ್ ವ್ಯವಸ್ಥೆಯ ಭದ್ರತಾ ಕಾವಲು ಜಗ್ಗಲಿಲ್ಲ. ತನ್ನದೇ ಡಿಸ್ಕಿನದಾದರೆ ಸರಿ, ನೆಟ್‌ವರ್ಕಿನಾಚೆಯ ಫೈಲನ್ನು ವೆಬ್ ಸರ್ವರ್ ಮುಟ್ಟಕೂಡದು ಎಂದು ಅದರ ಹಠ.

"ಆ ದರಿದ್ರ ಕಾವಲನ್ನೇ ಕಿತ್ತು ಬಿಸಾಕೇ!" ಎಂದರು ಡಾಕ್ಟರು, ಹಿಂದಿನಿಂದ ಇಣುಕುತ್ತ. "ನಮ್ಮನ್ನೇ ಬಿಡ್ದೆ ಇದ್ರೆ ಅದ್ಯಾತಕ್ಕೆ?"

"ಗೊಣಗನ್ನ ಬಿಟ್ಟುಹೋದೋರೂ ಹಿಂಗೇ ಅಂದಿದ್ರಲ್ವಾ ಅಣ್ಣ?"

ಡಾಕ್ಟರು ಬಗ್ಗಿ ಗೊಣಗನ ಹರಿದ ಕಿವಿ ಸವರಿದರು.

ಅಷ್ಟು ಅಂದ ಮೇಲೆ ಅವಳಿಗೂ ಬುದ್ಧಿ ಬಂತು. ತೆರೆದಿಟ್ಟ ಫೋಲ್ಡರನ್ನು ಮೊದಲಿನಂತೆ ಬಿಗಿ ಮಾಡಿದಳು. ಕಾವಲಿನ ನಿಯಮಗಳಲ್ಲಿ ಹುಡುಕಿದರೆ ಇದಕ್ಕೆಂದೇ ಒಂದು ಸ್ವಿಚ್ಚು ತಣ್ಣಗೆ ಕೂತಿತ್ತು: ವೆಬ್ ಸರ್ವರ್ ನೆಟ್‌ವರ್ಕಿನ ಫೈಲುಗಳನ್ನು ಬಳಸಬಹುದೇ? ಹೂಂ ಎಂದಳು, ಕಂಪ್ಯೂಟರ್ ಆರಿಸಿ ಹಾಕಿದರೂ ಮರೆಯದ ಹಾಗೆ, ಕಾಯಂ ಆಗಿ. ಮಿಕ್ಕ ಕಾವಲೆಲ್ಲ ಇದ್ದಲ್ಲೇ ಇತ್ತು. ಪುಟ ತೆರೆದರೆ, ಹರಿದ ಕಿವಿಯ ಗೊಣಗ ಇಡೀ ಊರನ್ನೇ ದುರುಗುಟ್ಟಿ ನೋಡುತ್ತಿದ್ದ!

ಆ ಫೋಟೊ ನೋಡಿ ಸಂಜೆ ಒಬ್ಬ ಅಜ್ಜಿ ಬಂದರು, ಹಿಂದೆ ಅವರ ಅಳಿಯ. ಗೊಣಗ ಬಾಗಿಲಿಗೆ ಅಡ್ಡ ನಿಂತು ಬೊಗಳಿದ್ದೇ ಬೊಗಳಿದ್ದು. ಮುಗೀತು, ಇನ್ನು ಶೆಡ್ಡೇ ಗತಿ ಅಂದುಕೊಂಡಳು ತಂಗಿ. ಆದರೂ ಅಜ್ಜಿಯ ಕೈ ಹಿಡಿದು ಅವನ ಮೂಗಿನ ಹತ್ತಿರ ತಂದಳು.

"ಇವ್ರು ನಮ್ಮೋರು ಕಣೋ."

ಗೊಣಗ ಮೂಸಿದ, ಗುರ್ರೆಂದ, ಕೊನೆಗೆ ಪಕ್ಕಕ್ಕೆ ಸರಿದು ಅಜ್ಜಿಯನ್ನು ಒಳಗೆ ಬಿಟ್ಟ. ಅಳಿಯನನ್ನು ಮಾತ್ರ ಬಿಡಲಿಲ್ಲ.

ಅಜ್ಜಿ ಹೊಟ್ಟೆ ಹಿಡಿದುಕೊಂಡು ನಕ್ಕರು. "ಹೇಳ್ದೆ ಕೇಳ್ದೆ ಬಂದು ನನ್ನ ಫ್ರಿಜ್ಜು ತಡಕಾಡೋ ನಮ್ಮ ಅಳಿಯಂದ್ರನ್ನ ತಡೆಯೋನು ಅಂತೂ ಸಿಕ್ಕಿದ್ನಪ್ಪಾ! ನಂಗೆ ಇವನೇ ಬೇಕು."

ಅವರು ಹೋದ ಮೇಲೆ ತಂಗಿ ಪುಟದಿಂದ ಗೊಣಗನ ಫೋಟೊ ತೆಗೆಯಲು ಕೂತಳು. ಸಂತೋಷವೇನೋ ಹೌದು, ಆದರೆ ಕಾಲಡಿ ಖಾಲಿ.

"ತೆಗೀಬೇಡ ಕಣೇ," ಎಂದರು ಡಾಕ್ಟರು, ಮೂಗೊರೆಸಿಕೊಳ್ಳುತ್ತ. "ಇವತ್ತೊಂದಿನ ಇರ್ಲಿ."