ಬದಲಿ ಜೋಡಿ

ಮಂಚ ಬಾಗಿಲಲ್ಲಿ ಸಿಕ್ಕಿಕೊಂಡಿತ್ತು. ಅದನ್ನು ಹೊರಗೆಳೆಯಲು ಒದ್ದಾಡುತ್ತಿದ್ದ ಇಬ್ಬರ ಜೊತೆ ಕಂಡಕ್ಟರನೂ ಕೈಜೋಡಿಸಿದ. ಡ್ರೈವರನ ಶವವನ್ನು ನಡುಮನೆಯ ನೆಲದ ಮೇಲೆ ಮಲಗಿಸಿದ್ದರು. ಅವನೂ ಕಂಡಕ್ಟರನೂ ವರ್ಷಗಟ್ಟಲೆ ಒಂದೇ ಬಸ್ಸಿನಲ್ಲಿ ದುಡಿದವರು. ಡಿಪೋದಲ್ಲಿ ಅವರನ್ನು ‘ಗಂಡಹೆಂಡಿರು’ ಎಂದೇ ಕರೆಯುತ್ತಿದ್ದರು.

“ಬಂದ್ರಾ ಅಣ್ಣ,” ಎಂದಳು ಡ್ರೈವರನ ಹೆಂಡತಿ.

ಗೋಡೆಗೆ ಒರಗಿದ್ದ ಅವಳ ಸೋದರಮಾವ, “ಮೂಲವ್ಯಾಧಿಯಿಂದ ಯಾರಾದ್ರೂ ಸಾಯ್ತಾರೇನಮ್ಮ?” ಎಂದ.

“ಮೂಲವ್ಯಾಧಿ ಅಲ್ಲ ಮಾವ, ಟಿಬಿ. ಆ ಜಾಗದಲ್ಲೇ ಹುಣ್ಣಾಗಿ ಕೀವು ಸೋರ್ತಿತ್ತು. ಎರಡು ಸಲ ಕುಯ್ದ್ರು, ಮತ್ತೆ ಬಂತು. ಅಲ್ಲಿ ಟಿಬಿ ಆಗೋದು ಅಪರೂಪವಂತೆ, ಯಾರಿಗೂ ಹೊಳೀಲಿಲ್ಲ. ಕೊನೆಗೊಬ್ಬ ಡಾಕ್ಟರಮ್ಮ ಚೂರು ಮಾಂಸ ತೆಗೆದು ಪರೀಕ್ಷೆಗೆ ಕಳಿಸಿದ್ರು. ಅಷ್ಟರಲ್ಲಿ ಶ್ವಾಸಕೋಶ ಪೂರ್ತಿ ಹೋಗಿತ್ತು.”

“ಮೊದಲೇ ಹೇಳೋಕೇನಾಗಿತ್ತು?”

“ನನಗೇ ಹೇಳಿರಲಿಲ್ಲ. ಬಟ್ಟೆ ತಾವೇ ಒಗ್ಕೋತಿದ್ರು. ನಾನು ಬೇರೇನೋ ಅನುಮಾನ ಪಟ್ಟು ಮಾತು ಬಿಟ್ಟಿದ್ದೆ.” ಅವಳು ಸೆರಗಿನಿಂದ ಬಾಯಿ ಮುಚ್ಚಿಕೊಂಡಳು.

*

ಇಬ್ಬರೂ ಜೊತೆಗಿದ್ದಾಗ ಒಮ್ಮೆ, ಕೊನೆಯ ಸ್ಟಾಪಿನಲ್ಲಿ ಬಸ್ಸು ಖಾಲಿಯಾದ ಮೇಲೆ ಡ್ರೈವರ್ ನಿಂತುಕೊಂಡೇ ಊಟ ಮಾಡುತ್ತಿದ್ದ. ಸೀಟಿನ ಮೇಲೆ ಮಡಚಿ ಹಾಕಿದ ಟವೆಲ್ ಇತ್ತು, ಅದರ ಮೇಲೊಂದು ಕಲೆ.

“ಏನಯ್ಯಾ, ಸೀಟು ಕಚ್ಚುತ್ತಾ?” ಎಂದು ಕಂಡಕ್ಟರ್ ನಕ್ಕಿದ್ದ.

“ಒಂದು ಗುಳ್ಳೆ ಆಗಿದೆ. ಯಾರಿಗೂ ಹೇಳ್ಬೇಡ ಕಣೋ.”

ಕಂಡಕ್ಟರ್ ಹೇಳಲಿಲ್ಲ. ಆದರೆ ಮಳೆ ಹಿಡಿದು ಕಿಟಕಿಗಳನ್ನೆಲ್ಲ ಮುಚ್ಚಿದಾಗ ವಾಸನೆ ತಡೆಯಲಾಗಲಿಲ್ಲ. ಮನೆಗೆ ಹತ್ತಿರವಾಗುತ್ತದೆಂದು ಮ್ಯಾನೇಜರಿಗೆ ಸುಳ್ಳು ಹೇಳಿ ಬೇರೆ ರೂಟು ಹಾಕಿಸಿಕೊಂಡ. ಡ್ರೈವರನಿಗೂ ಅದನ್ನೇ ಹೇಳಿದ.

“ಒಳ್ಳೇದಾಯ್ತು ಬಿಡು, ಮಕ್ಕಳ ಮುಖ ನೋಡಬಹುದು,” ಎಂದು ಅವನು ಬೆನ್ನು ತಟ್ಟಿದ್ದ.

ಆಮೇಲೆ ಡಿಪೋ ಗೇಟಿನಲ್ಲಿ ಎದುರಾದಾಗಲೆಲ್ಲ ಡ್ರೈವರ್ ಇನ್ನಷ್ಟು ಸೊರಗಿರುತ್ತಿದ್ದ. ದೊಡ್ಡ ಡಾಕ್ಟರಿಗೆ ತೋರಿಸು ಎನ್ನುವ ಮಾತು ಕಂಡಕ್ಟರನ ನಾಲಿಗೆಯ ತುದಿಗೆ ಬರುತ್ತಿತ್ತು. ಆ ಮಾತೆತ್ತಿದರೆ ತಾನು ಯಾಕೆ ದೂರವಾದೆನೆಂಬುದೂ ಹೊರಬೀಳುತ್ತಿತ್ತು. “ಬರ್ಲಾ, ಲೇಟಾಯ್ತು,” ಎಂದು ಹೊರಟುಬಿಡುತ್ತಿದ್ದ.

*

“ಆಸ್ಪತ್ರೆಯಲ್ಲಿ ನಿಮ್ಮ ಮಾತೇ ಆಡ್ತಿದ್ರು ಅಣ್ಣ,” ಎಂದಳು ಅವಳು. “‘ಅವನೊಬ್ಬನಿಗೆ ಗೊತ್ತಿತ್ತು ಕಣೇ, ಯಾರ ಹತ್ರಾನೂ ಬಾಯಿಬಿಡಲಿಲ್ಲ, ನನ್ನ ಮಾನ ಉಳಿಸಿದ’ ಅಂತ.”

ಕಂಡಕ್ಟರ್ ತಲೆ ತಗ್ಗಿಸಿದ. “ಹೇಳ್ಬೇಕಿತ್ತು ತಂಗಿ.”

“ಹೌದಣ್ಣ, ಅವರು ಹೇಳ್ಬೇಕಿತ್ತು.”

ಅವನು ತಿದ್ದಲಿಲ್ಲ.

ವ್ಯಾನು ಬಂತು. ಶವವನ್ನು ಒಳಗೆ ಮಲಗಿಸಿದರು. “ಮುಂದೆ ಬನ್ನಿ, ಇಲ್ಲಿ ಗಾಳಿ ಬರುತ್ತೆ,” ಎಂದು ಮಾವ ಕರೆದ. ಕಂಡಕ್ಟರ್ ಹೋಗದೆ ಶವದ ಪಕ್ಕದಲ್ಲೇ ಕೆಳಗೆ ಕೂತ. ಸೇತುವೆ ದಾಟಿದ ಮೇಲೆ ರಸ್ತೆಯೆಲ್ಲ ಅಗೆದುಹಾಕಿದ್ದರು. ಮೊದಲ ಹಳ್ಳಕ್ಕೆ ವ್ಯಾನು ಎತ್ತಿಹಾಕಿದಾಗ ಕಂಡಕ್ಟರ್ ಬೆಚ್ಚಿ, ತನ್ನ ಎರಡೂ ಅಂಗೈಗಳನ್ನು ಸತ್ತವನ ಸೊಂಟದ ಕೆಳಗೆ ತೂರಿಸಿದ. ವ್ಯಾನು ನಿಲ್ಲುವವರೆಗೂ ಅವನ್ನು ಹೊರತೆಗೆಯಲಿಲ್ಲ.