ರೈಫಲ್ ಪೆಟ್ಟಿಗೆಗೆ ಫೋಮ್

ನಮ್ಮ ಮನೆಯಲ್ಲಿ ಹೆಬ್ಬೆರಳಿನಿಂದ ಒತ್ತಿ ನೋಡದೆ ಯಾವ ವಸ್ತುವೂ ಒಳಗೆ ಬರುವುದಿಲ್ಲ. ನಾನು ಧಕ್ಕೆಯಲ್ಲಿ, ಅಂದರೆ ದೋಣಿಗಳು ಬಂದು ಮೀನು ಇಳಿಸುವ ಬಂದರಿನಲ್ಲಿ, ಮೀನಿನ ವ್ಯಾಪಾರ ಮಾಡುವವನು. ಬಂಗುಡೆಯ ಬೆನ್ನು ಒತ್ತಿದಾಗ ಮಾಂಸ ತಟ್ಟನೆ ಮೇಲೆದ್ದರೆ ತಾಜಾ, ಗುಳಿ ಹಾಗೇ ಉಳಿದರೆ ಹಳತು. ಕಣ್ಣು ಮೋಸ ಹೋಗಬಹುದು, ಮೂಗಿಗೆ ನೆಗಡಿ ಆಗಬಹುದು, ಹೆಬ್ಬೆರಳು ಮಾತ್ರ ಸುಳ್ಳು ಹೇಳುವುದಿಲ್ಲ ಎಂದು ಊರಿಗೆಲ್ಲ ಉಪದೇಶ ಮಾಡುತ್ತಿದ್ದೆ. ಮಗಳು ನಿರೀಕ್ಷಾ ಈ ವಿದ್ಯೆಯನ್ನು ನಡೆಯುವುದರ ಜೊತೆಗೇ ಕಲಿತಳು. ಮಾವಿನಹಣ್ಣು, ಬ್ರೆಡ್ಡು, ದಿಂಬು, ಕೊನೆಗೆ ಮನೆಗೆ ಬಂದ ನೆಂಟರ ಹೊಟ್ಟೆಯನ್ನೂ ಒತ್ತಿ ನೋಡಿ ಅಮ್ಮನಿಂದ ಬೈಸಿಕೊಂಡವಳು ಅವಳು.

ಕಾಲೇಜಿಗೆ ಹೋದ ಮೇಲೆ ಅವಳಿಗೆ ಏರ್ ರೈಫಲ್ ಹುಚ್ಚು ಹಿಡಿಯಿತು. ಕೋಣೆಯ ಆ ತುದಿಯಲ್ಲಿರುವ ಸಾಸಿವೆಯಷ್ಟು ಚುಕ್ಕೆಗೆ ಉಸಿರು ಬಿಗಿಹಿಡಿದು ಹೊಡೆಯುವ ಆಟ. ಯಾರೋ ಬಳಸಿ ಬಿಟ್ಟ ರೈಫಲ್ ಒಂದು ಸಿಕ್ಕಿತು, ಅದರ ಜೊತೆ ಬಂದದ್ದು ಹರಿದ ಬಟ್ಟೆಯ ಚೀಲ. ಗಟ್ಟಿ ಪೆಟ್ಟಿಗೆ ಬೇಕು ಎಂದಳು. ಅಂಜಲ್ ಮೀನನ್ನು ಐಸಿನ ಜೊತೆ ಗೋವಾಕ್ಕೆ ಕಳಿಸುವ ಪೆಟ್ಟಿಗೆ ಮಾಡಿದವನಿಗೆ ಇದು ಎಂತ ದೊಡ್ಡದು ಎಂದು ಜಂಬ ಕೊಚ್ಚಿದೆ. ಜೆಪ್ಪುವಿನಲ್ಲಿರುವ ನಮ್ಮ ಮನೆಯ ಜಗಲಿಯಲ್ಲಿ ಪ್ಲೈವುಡ್ ಕೊಯ್ದು, ಬಿಜಾಗರಿ ಹಾಕಿ, ಹಿಡಿಯನ್ನೂ ಕೂಡಿಸಿದೆ. ಒಳಗೆ ಫೋಮ್ ಹಾಸುವುದೊಂದೇ ಬಾಕಿ ಇತ್ತು.

ಅಷ್ಟರಲ್ಲಿ ಅವಳ ಕೈಯಿಂದ ಬಾಚಣಿಗೆ ಬೀಳತೊಡಗಿತು. ಆಮೇಲೆ ಲೋಟ. ರೈಫಲ್‌ಗೆ ಗಾಳಿ ತುಂಬುವ ಸನ್ನೆಕೋಲು ಎಳೆಯಲು ಆಗದೆ ಒಂದು ದಿನ ಅಳುತ್ತಾ ಮನೆಗೆ ಬಂದಳು. ಅತ್ತಾವರದ ಆಸ್ಪತ್ರೆಗೆ ಸೇರಿಸಿದೆವು.

"ಇದು ನರಗಳ ಕಾಯಿಲೆ. ಔಷಧಿ ಹಿಡಿದರೆ ಕೈಗೆ ಬಲ ವಾಪಸ್ ಬರ್ತದೆ. ಹಿಡಿಯದಿದ್ದರೆ ಈಗ ಇರುವ ಬಲವೂ ಇಳಿಯುತ್ತಾ ಹೋಗ್ತದೆ. ಸ್ವಲ್ಪ ಕಾದು ನೋಡುವ" ಎಂದರು ಡಾಕ್ಟರ್.

ಕಾದು ನೋಡುವುದು ನನ್ನ ಜಾಯಮಾನದಲ್ಲೇ ಇಲ್ಲ. ಹೆಂಡತಿ ಭವ್ಯಶ್ರೀ ನಮ್ಮ ದೈವ ಕೊರಗಜ್ಜನಿಗೆ ಚಕ್ಕುಲಿ, ಬೀಡದ ಹರಕೆ ಹೇಳಿಕೊಂಡಳು. ನಾನು ಫೋಮ್ ಹುಡುಕಲು ಹೊರಟೆ. ಪೆಟ್ಟಿಗೆ ಪೂರ್ತಿಯಾದರೆ ಮಗಳೂ ಎದ್ದು ಬರುತ್ತಾಳೆ ಎಂದು ನನ್ನೊಳಗೆ ಯಾರೋ ಹೇಳುತ್ತಿದ್ದರು. ಹೆತ್ತವನಿಗೆ ಲಾಜಿಕ್ ಇರುವುದಿಲ್ಲ.

ಮೊದಲು ಮೀನಿನ ಪೆಟ್ಟಿಗೆಯ ಥರ್ಮೋಕೋಲ್ ಒಯ್ದೆ. ಮಂಚದಲ್ಲಿ ಮಲಗಿದ್ದವಳು ಅದನ್ನು ನೋಡಿಯೇ ನಕ್ಕಳು.

"ಪಪ್ಪ, ಇದರ ಕಾಳು ಟ್ರಿಗರ್ ಒಳಗೆ ಹೋದ್ರೆ ಮುಗೀತು. ಮತ್ತೆ ಮೀನಿನ ವಾಸನೆ ಬೇರೆ. ಗುರಿ ಇಡುವಾಗ ಬೆಕ್ಕು ಬಂದೀತು."

ಸೋಫಾಕ್ಕೆ ಹಾಕುವ ಸ್ಪಂಜ್ ಒಯ್ದರೆ, "ಇದು ನೀರು ಕುಡೀತದೆ. ನಮ್ಮ ಊರಿನ ಹವೆಗೆ ಒಂದೇ ಮಳೆಗಾಲದಲ್ಲಿ ಬ್ಯಾರೆಲ್‌ಗೆ ತುಕ್ಕು" ಎಂದಳು. ಹೀಗೆ ತಳ್ಳಿಹಾಕುವಾಗ ಅವಳ ಮುಖದಲ್ಲಿ ಹಳೆಯ ಹುರುಪು ಕಾಣುತ್ತಿತ್ತು. ಅದನ್ನು ನೋಡುವುದಕ್ಕೆಂದೇ ಬೇಡದ ಒಂದೆರಡು ತುಂಡುಗಳನ್ನೂ ಒಯ್ದೆ ಎಂದರೆ ಸುಳ್ಳಲ್ಲ.

ಕೊನೆಗೆ ಕೊಡಿಯಾಲ್‌ಬೈಲ್‌ನಲ್ಲಿ ಮುಖೇಶನ ಕುಶನ್ ಅಂಗಡಿಯಲ್ಲಿ ಸರಿಯಾದದ್ದು ಸಿಕ್ಕಿತು. ಕಪ್ಪು ಫೋಮ್, ಜಿಮ್‌ನ ನೆಲಕ್ಕೆ ಹಾಸುವಂಥದ್ದು, ಒಂದು ಹನಿ ನೀರು ಕುಡಿಯುವುದಿಲ್ಲ. ಶೀಟಿನ ಮೂಲೆಯಿಂದ ಅಂಗೈಯಷ್ಟು ತುಂಡು ಕತ್ತರಿಸಿ ಕೊಟ್ಟ. ನಿರೀಕ್ಷಾ ಅದನ್ನು ಎದೆಯ ಮೇಲಿಟ್ಟುಕೊಂಡು ಒತ್ತಿದಳು. ಅದು ಸ್ವಲ್ಪ ತಗ್ಗಿ, ನಿಧಾನ ಮೇಲೆದ್ದಿತು.

"ಇದೇ ಪಪ್ಪ! ಇದರಲ್ಲಿ ಮಲಗಿಸಿದ್ರೆ ರೈಫಲ್ ಅಲುಗಾಡುವುದಿಲ್ಲ."

ಔಷಧಿ ಹಿಡಿಯಿತು ಎಂದುಕೊಂಡೆ. ಆ ದಿನ ಮೆಟ್ಟಿಲಿಳಿಯುವಾಗ ವಾಚ್‌ಮನ್‌ಗೂ ನಮಸ್ಕಾರ ಹೇಳಿದೆ.

ಪೆಟ್ಟಿಗೆಗೆ ಬೇಕಾದಷ್ಟು ಮಾಲು ಅಂಗಡಿಯಲ್ಲಿ ಇರಲಿಲ್ಲ. ಕೆಲವು ದಿನಗಳ ನಂತರ ಮುಖೇಶ ತರಿಸಿ ಕೊಟ್ಟ. ಕತ್ತರಿ ಹಾಕುವ ಮೊದಲು ಅವಳಿಗೊಮ್ಮೆ ತೋರಿಸೋಣವೆಂದು ಶೀಟನ್ನು ಸುರುಳಿ ಸುತ್ತಿ ಆಸ್ಪತ್ರೆಗೇ ಒಯ್ದೆ. ಅವಳು ಒತ್ತಿದಳು. ಮತ್ತೊಮ್ಮೆ ಒತ್ತಿದಳು. ಒಂದು ಹೆಬ್ಬೆರಳಿನ ಮೇಲೆ ಇನ್ನೊಂದನ್ನಿಟ್ಟು ಒತ್ತಿದಳು.

"ಇದು ಅದಲ್ಲ ಪಪ್ಪ. ಕಲ್ಲಿನ ಹಾಗೆ ಉಂಟು. ಅವರು ನಿಮಗೆ ಬೇರೆ ಮಾಲು ಕೊಟ್ಟಿದ್ದಾರೆ."

ನನಗೆ ಕೋಪ ಮೂಗಿನ ತುದಿಯಲ್ಲೇ ಇರುತ್ತದೆ. ಧಕ್ಕೆಯಲ್ಲಿ ನನಗೆ ಮೋಸ ಮಾಡಿದವನು ಇನ್ನೂ ಹುಟ್ಟಿಲ್ಲ, ಈ ಸ್ಪಂಜಿನವನು ಯಾವ ಲೆಕ್ಕ? ನಾನೊಮ್ಮೆ ಒತ್ತಿ ನೋಡಬೇಕೆಂದು ಹೊಳೆಯಲೂ ಇಲ್ಲ. ಅವಳ ಹೆಬ್ಬೆರಳು ಹೇಳಿದ ಮೇಲೆ ಮುಗಿಯಿತು, ಅದು ನಾನೇ ಪಳಗಿಸಿದ ಬೆರಳು. ಸ್ಕೂಟರ್ ಹತ್ತಿ ಸೀದಾ ಕೊಡಿಯಾಲ್‌ಬೈಲ್‌ಗೆ ಹೋಗಿ ಗಿರಾಕಿಗಳೆದುರೇ ಮುಖೇಶನಿಗೆ ಬಾಯಿಗೆ ಬಂದಂತೆ ಬೈದೆ. ಕಾಯಿಲೆ ಬಿದ್ದ ಮಗುವಿಗೆ ಮೋಸ ಮಾಡ್ತೀರಾ ಎಂದೂ ಕೇಳಿದೆ.

"ಎಂತ ಜಿತೇಶಣ್ಣ, ಅದೇ ಮಾಲು ಮಾರಾಯ್ರೆ" ಎಂದ ಅವನು. ಒಳಗೆ ಹೋಗಿ ಮೂಲೆ ಕತ್ತರಿಸಿದ್ದ ಹಳೆಯ ಶೀಟನ್ನೇ ತಂದು ನನ್ನದರ ಪಕ್ಕ ಹಾಸಿದ. "ಒತ್ತಿ ನೋಡಿ."

ಒತ್ತಿದೆ. ಇದನ್ನು, ಅದನ್ನು, ಮತ್ತೆ ಇದನ್ನು. ಕಣ್ಣು ಮುಚ್ಚಿ ಒತ್ತಿದೆ. ಎಡಗೈಯಿಂದ ಒತ್ತಿದೆ. ಕೂದಲೆಳೆಯಷ್ಟೂ ವ್ಯತ್ಯಾಸ ಇರಲಿಲ್ಲ.

"ಬೇರೆ ಅಂತ ಹೇಳಿದ್ದು ಯಾರು?" ಮುಖೇಶ ಕೇಳಿದ.

"ಮಗಳು" ಎಂದೆ. ಹೇಳುವಾಗಲೇ ಶೀಟಿನ ಮೇಲಿದ್ದ ಹೆಬ್ಬೆರಳನ್ನು ಹಿಂದಕ್ಕೆ ತೆಗೆದೆ. ಫೋಮ್ ಬದಲಾಗಿರಲಿಲ್ಲ. ಔಷಧಿ ಹಿಡಿದಿರಲಿಲ್ಲ. ಡಾಕ್ಟರ್ ಕಾದು ನೋಡುವ ಎಂದದ್ದನ್ನು ನಾನು ಕಾಯದೆಯೇ ನೋಡಿಬಿಟ್ಟಿದ್ದೆ, ಅದೂ ಒಂದು ಕುಶನ್ ಅಂಗಡಿಯಲ್ಲಿ.

ಮುಖೇಶ ಸ್ಟೂಲ್ ಕೊಟ್ಟ, ನೀರು ಕೊಟ್ಟ.

"ಇದೇ ಬಣ್ಣದ್ದು, ಇದಕ್ಕಿಂತ ಮೆತ್ತಗಿನದ್ದು ಉಂಟಾ?" ಎಂದು ಕೇಳಿದೆ.

"ಉಂಟು. ಆದ್ರೆ ಅದು ರೈಫಲ್‌ಗೆ ಆಗ್ಲಿಕ್ಕಿಲ್ಲ ಅಣ್ಣ."

"ಆದೀತು, ಕೊಡು."

ಆಸ್ಪತ್ರೆಗೆ ಹಿಂತಿರುಗಿ, ನಾಟಕದವನ ಹಾಗೆ ದನಿ ಏರಿಸಿ, "ಜೋರು ಮಾಡಿದೆ ನೋಡು, ಬದಲಾಯಿಸಿ ಕೊಟ್ಟ" ಎಂದೆ. ನಿರೀಕ್ಷಾ ಒತ್ತಿದಳು. ಫೋಮ್ ಬೆಣ್ಣೆಯಂತೆ ತಗ್ಗಿತು. ಅವಳ ಮುಖ ಅರಳಿತು. ಆದರೆ ಬೆರಳು ಅಲ್ಲಿಗೇ ನಿಲ್ಲಲಿಲ್ಲ, ತಳ ಮುಟ್ಟುವವರೆಗೂ ಹೋಯಿತು. ಅವಳು ಸ್ವಲ್ಪ ಹೊತ್ತು ಆ ಗುಳಿಯನ್ನೇ ನೋಡಿದಳು.

"ಪಪ್ಪ, ಆ ಕಲ್ಲಿನ ಹಾಗಿದ್ದದ್ದು ಮೊದಲಿನ ಮಾಲೇ ಅಲ್ವಾ?"

ಇಡೀ ಧಕ್ಕೆಯ ಜೊತೆ ವಾದ ಮಾಡುವ ನನಗೆ ಒಂದು ಸುಳ್ಳು ಹೊಂದಿಸಲು ಆಗಲಿಲ್ಲ. ಹೌದೆಂದು ತಲೆ ಆಡಿಸಿದೆ.

"ಹಾಗಾದ್ರೆ ಗಟ್ಟಿಯದ್ದೇ ಹಾಕಿ" ಎಂದಳು. "ಪೆಟ್ಟಿಗೆ ರೈಫಲ್‌ಗೆ ಅಲ್ವಾ, ನನಗಲ್ಲ. ನಮ್ಮ ಕ್ಲಬ್ಬಿನ ಕೃತಿಗೆ ಸ್ವಂತ ರೈಫಲ್ ಇಲ್ಲ. ಅವಳಿಗೆ ಕೊಡುವ."

ನಾನು ಹೂಂ ಎಂದೆ. ಅವಳೆದುರು ಅಳಬಾರದೆಂದು ಭವ್ಯಶ್ರೀ ಸಾವಿರ ಸಲ ಹೇಳಿದ್ದಳು. ಆದರೂ ಮಂಚದ ಅಂಚಿನಲ್ಲಿ ಕೂತು ಅತ್ತುಬಿಟ್ಟೆ. ಕಣ್ಣೊರೆಸಿಕೊಂಡು ಕೆಳಗೆ ನೋಡಿದರೆ ಅವಳು ನನ್ನ ಕೈ ಹಿಡಿದುಕೊಂಡಿದ್ದಳು. ಆ ಹಿಡಿತ ಅಷ್ಟು ಹಗುರ, ನೋಡಿದ ಮೇಲೆಯೇ ನನಗೆ ಅದು ಗೊತ್ತಾದದ್ದು.